ಹಳೆ ಬೆಂಜ್, ಕುದಿಯುವ ಎಂಜಿನ್: ಹಾಗೇ ಮಾರುವುದೋ, ರಿಪೇರಿ ಮಾಡಿಸಿ ಮಾರುವುದೋ?

2006ರ ಮಾತು. ಸಂಡೂರಿನ ಅದಿರಿಗೆ ಭಾರಿ ಬೆಲೆ ಇದ್ದ ಕಾಲ. ನಮ್ಮ ದೊಡ್ಡಪ್ಪನ ನಾಲ್ಕು ಲಾರಿಗಳು ಹಗಲು ರಾತ್ರಿ ಓಡುತ್ತಿದ್ದವು. ಕೈಯಲ್ಲಿ ದುಡ್ಡು ಆಡಿದ ಕೂಡಲೇ ಬಳ್ಳಾರಿಯಲ್ಲಿ ಆಗ ಸುಮಾರು ಜನ ಏನು ಮಾಡುತ್ತಿದ್ದರೋ ಅದನ್ನೇ ಅವರೂ ಮಾಡಿದರು. ಒಂದು ಬೆಂಜ್ ತಂದರು. ಸೆಕೆಂಡ್ ಹ್ಯಾಂಡ್, 1996ರ ಇ220, ಬಿಳಿ ಬಣ್ಣ.

ತಂದ ತಿಂಗಳಲ್ಲೇ ಕಪ್ಪು ಬಣ್ಣ ಹೊಡೆಸಿದರು. 15 ಇಂಚಿನ ಚಕ್ರ ತೆಗೆಸಿ 17 ಇಂಚಿನ ಅಲಾಯ್ ಹಾಕಿಸಿದರು. ಸ್ಪ್ರಿಂಗ್ ಬದಲಿಸಿ ಗಾಡಿಯನ್ನು ನೆಲಕ್ಕೆ ಇಳಿಸಿದರು. ಮರದ ಸ್ಟೀರಿಂಗ್, ಡಿಕ್ಕಿ ತುಂಬ ಆಂಪ್ಲಿಫೈಯರ್. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ಒಂದೊಂದಾಗಿ ಹೋದವು. ಬೆಂಜ್ ಮಾತ್ರ ಉಳಿಯಿತು. ಕೊನೆಗೆ ನನ್ನ ಪಾಲಿಗೆ ಬಂತು.

2024ರ ಬೇಸಿಗೆಯಲ್ಲಿ ಹೊಸಪೇಟೆಯಿಂದ ವಾಪಸ್ ಬರುವಾಗ ತೋರಣಗಲ್ಲು ದಾಟಿದ ಮೇಲೆ ಟೆಂಪರೇಚರ್ ಮುಳ್ಳು 80 ಬಿಟ್ಟು ಮೇಲೆ ಏರತೊಡಗಿತು. ಗಾಡಿ ಪಕ್ಕಕ್ಕೆ ಹಾಕಿ ಅರ್ಧ ಗಂಟೆ ಆರಲು ಬಿಟ್ಟು ಆಯಿಲ್ ಮುಚ್ಚಳ ತಿರುಗಿಸಿ ನೋಡಿದರೆ, ಒಳಗಡೆ ಹಾಲು ಜಾಸ್ತಿಯಾದ ಚಹಾದ ಬಣ್ಣದ ಜಿಗುಟು. ಮಲೆನಾಡಿನ ಚಳಿಯಲ್ಲಿ ಎರಡು ಕಿಲೋಮೀಟರ್ ಮಾತ್ರ ಓಡಿಸುವ ಕಾರಿಗೆ ಇಂಥದ್ದು ಸುಮ್ನೆ ತೇವಕ್ಕೂ ಕೂರುತ್ತದೆ. ಬಳ್ಳಾರಿಯ ಬಿಸಿಲಿನಲ್ಲಿ ಆ ಮಾತು ನಡೆಯುವುದಿಲ್ಲ. ಎಂಜಿನ್ ತಣ್ಣಗಿಡುವ ನೀರು, ಅಂದರೆ ಕೂಲೆಂಟ್, ಎಲ್ಲೋ ಆಯಿಲ್ ಜೊತೆ ಸೇರುತ್ತಿತ್ತು.

ಅಲ್ಲಿಂದ ಮಾರುವವರೆಗೆ ಒಂದೂವರೆ ವರ್ಷ ಹಿಡಿಯಿತು. ಅಷ್ಟು ದಿನ ತಲೆ ಕೆಡಿಸಿಕೊಂಡು ತೂಗಿ ನೋಡಿದ ದಾರಿಗಳನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆ ಮುಂದೆಯೂ ಇಂಥದೊಂದು ಟಾರ್ಪಾಲು ಹೊದ್ದು ನಿಂತಿದ್ದರೆ ಓದಿ.

ಮೊದಲು ಆರ್‌ಸಿ ತೆಗೆಯಿರಿ, ಬಾನೆಟ್ ಆಮೇಲೆ

ಎಲ್ಲರೂ ಎಂಜಿನ್‌ನಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದೆ. ತಪ್ಪು. ಯಾವ ದಾರಿ ನಿಮಗೆ ತೆರೆದಿದೆ ಅನ್ನುವುದನ್ನು ಎಂಜಿನ್‌ಗಿಂತ ಮೊದಲು ಆರ್‌ಸಿ ತೀರ್ಮಾನ ಮಾಡುತ್ತದೆ.

ಖಾಸಗಿ ಕಾರಿನ ನೋಂದಣಿ 15 ವರ್ಷ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ನಮ್ಮದು 2011, 2016, 2021ರಲ್ಲಿ ಆಗಿತ್ತು, ಮುಂದಿನದು 2026ಕ್ಕೆ. ನವೀಕರಣಕ್ಕೆ ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಬೇಕು, ಹೊಗೆ ತಪಾಸಣೆ ಪಾಸಾಗಬೇಕು. ಕೂಲೆಂಟ್ ಕುಡಿದು ಬಿಳಿ ಹೊಗೆ ಬಿಡುವ ಎಂಜಿನ್ ಪಾಸಾಗುತ್ತಾ? ಕಷ್ಟ. ನವೀಕರಣ ಆಗದಿದ್ದರೆ ಹೆಸರು ವರ್ಗಾವಣೆಯೂ ಕಷ್ಟ. ಅಂದರೆ ಅವಧಿ ಮುಗಿದ ಆರ್‌ಸಿ ಇದ್ದವರಿಗೆ 'ಹಾಗೇ ಮಾರುತ್ತೇನೆ' ಅನ್ನುವ ದಾರಿ ಅರ್ಧ ಮುಚ್ಚಿದಂತೆ. ಅವಧಿ ಉಳಿದಿದ್ದರೆ ಅದೇ ನಿಮ್ಮ ಬಂಡವಾಳ. ಅದು ಮುಗಿಯುವ ಮೊದಲು ಮಾರಿ.

ಶುಲ್ಕವೂ ಈಗ ಮೊದಲಿನಂತಿಲ್ಲ. 2022ರ ಏಪ್ರಿಲ್‌ಗೆ ಮೊದಲು 600 ರೂಪಾಯಿ ಇದ್ದದ್ದು 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಹೊರದೇಶದಿಂದ ಆಮದಾದ ಕಾರಾದರೆ 80,000. ಹೌದು, ಎಂಬತ್ತು ಸಾವಿರ. ಇಲ್ಲಿ ನಮಗೆ ಒಂದು ಅದೃಷ್ಟ ಇತ್ತು. ಮರ್ಸಿಡಿಸ್ ಕಂಪನಿ 1994ರಲ್ಲಿ ಭಾರತಕ್ಕೆ ಬಂದು, 1995ರಿಂದ ಈ ಇ220 ಮಾದರಿಯನ್ನು ಪುಣೆಯಲ್ಲೇ ಜೋಡಿಸತೊಡಗಿತು. ಹಾಗಾಗಿ ನಮ್ಮದು ದೇಶೀ ಗಾಡಿಯ ಲೆಕ್ಕ. ಅದಕ್ಕೂ ಹಿಂದಿನ, ದುಂಡು ದೀಪಗಳ ಬೆಂಜ್ ನಿಮ್ಮಲ್ಲಿದ್ದರೆ ಅದು ಹಡಗಿನಲ್ಲಿ ಬಂದದ್ದು. ಕೊಳ್ಳುವವರು ಆ 80,000ವನ್ನು ನಿಮ್ಮ ಬೆಲೆಯಲ್ಲೇ ಮುರಿದುಕೊಳ್ಳುತ್ತಾರೆ.

ಇನ್ನು ಮಾಡಿಫಿಕೇಶನ್. ಆರ್‌ಸಿಯಲ್ಲಿ ಬಿಳಿ, ಕಣ್ಣ ಮುಂದೆ ಕಪ್ಪು. ದೊಡ್ಡಪ್ಪ ಬಣ್ಣ ಹೊಡೆಸಿದ್ದರೇ ಹೊರತು ಆರ್‌ಟಿಒಗೆ ತಿಳಿಸಿರಲಿಲ್ಲ. ಇದನ್ನು ಆರ್‌ಸಿಯಲ್ಲಿ ಬರೆಸಿಕೊಂಡೆವು. ಓಡಾಟ ಆಯಿತು, ಆದರೆ ಆಗುವ ಕೆಲಸ. ಎಂಜಿನ್ ಬದಲಿಸಿದ್ದರೆ ಮಾತ್ರ ವಿಷಯ ಬೇರೆ. ಪೆಟ್ರೋಲ್ ಕುಡಿಯುತ್ತದೆ ಅಂತ ಬೆಂಜ್‌ಗೆ ಬೇರೆ ಯಾವುದೋ ಡೀಸೆಲ್ ಎಂಜಿನ್ ಕೂರಿಸಿದ ಗಾಡಿಗಳು ನಮ್ಮ ಕಡೆ ಇವೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಎಂಜಿನ್ ಬದಲಿಸಲು ಅನುಮತಿ ಬೇಕು, ಆರ್‌ಸಿಯಲ್ಲಿ ನಂಬರ್ ಕೂರಬೇಕು. ಅದಿಲ್ಲದಿದ್ದರೆ ನೀವು ಮಾರುತ್ತಿರುವುದು ಕಾರಲ್ಲ, ಬಿಡಿಭಾಗ. ಬೆಲೆಯೂ ಹಾಗೇ ಇರುತ್ತದೆ.

'ಸರ, ವಿಂಟೇಜ್ ಮಾಡಿಸ್ರಿ, ರೇಟು ಎಲ್ಲಿಗೋ ಹೋಗ್ತದ' ಅಂತ ಹೇಳುವವರೊಬ್ಬರು ಎಲ್ಲ ಕಡೆ ಸಿಗುತ್ತಾರೆ. ನಮಗೂ ಒಗ್ಗರಣೆ ಮಿರ್ಚಿ ಅಂಗಡಿಯಲ್ಲಿ ಸಿಕ್ಕರು. 2021ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ನಮ್ಮದಕ್ಕೆ 50 ತುಂಬುವುದು 2046ಕ್ಕೆ. ಮಿರ್ಚಿ ತಿಂದು ಎದ್ದು ಬಂದೆವು.

ದಲ್ಲಾಳಿಗೆ ಕೊಡುವುದು

ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕಡಿಮೆ ಬೆಲೆ. ನಮ್ಮ ಗಾಡಿ ನೋಡಲು ಬಂದವರು ಬಾನೆಟ್ ಕೂಡ ಎತ್ತಲಿಲ್ಲ. ಅಲಾಯ್ ಚಕ್ರ ಒಮ್ಮೆ ತಟ್ಟಿ ನೋಡಿ, 'ಎಂಬತ್ತು ಸಾವಿರ ಸರ. ಈಗ್ಲೇ ಹಚ್ಚಿ ಎಳ್ಕೊಂಡು ಹೋಗ್ತೀನಿ' ಅಂದರು. ಅವರ ತಪ್ಪೇನೂ ಇಲ್ಲ. ಅವರಿಗೆ ಕಪ್ಪು ಬೆಂಜ್ ಅಂದರೆ ಬಳ್ಳಾರಿಯಲ್ಲಿ ಆರು ತಿಂಗಳು ನಿಲ್ಲುವ ಸರಕು. ಸ್ವಿಫ್ಟ್ ಆದರೆ ಸಂಜೆಯೊಳಗೆ ಹೋಗುತ್ತದೆ. ಆ ಆರು ತಿಂಗಳ ಬಡ್ಡಿ, ಎಂಜಿನ್ ಒಳಗೆ ಏನಿದೆಯೋ ಅನ್ನುವ ಭಯ, ಎರಡನ್ನೂ ನಿಮ್ಮ ಬೆಲೆಯಲ್ಲಿ ಕಳೆಯುತ್ತಾರೆ.

ಈ ದಾರಿ ಯಾರಿಗೆ ಸರಿ? ಮನೆ ಖಾಲಿ ಮಾಡುತ್ತಿರುವವರಿಗೆ, ಗಾಡಿ ಸ್ಟಾರ್ಟೇ ಆಗದವರಿಗೆ, ದುಡ್ಡು ಈ ವಾರವೇ ಬೇಕಾದವರಿಗೆ. ಆದರೆ ಖಾಲಿ ಫಾರಂಗೆ ಸಹಿ ಹಾಕಿ ಕೊಡಬೇಡಿ. ಹಳೇ ವಾಹನ ಮಾರುವ ಡೀಲರುಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕು ಅನ್ನುವ ನಿಯಮ 2023ರ ಏಪ್ರಿಲ್‌ನಿಂದ ಬಂದಿದೆ. ಅಂಥವರಿಗೆ ಗಾಡಿ ಒಪ್ಪಿಸಿದ್ದನ್ನು ಆನ್‌ಲೈನ್‌ನಲ್ಲಿ ತಿಳಿಸಬಹುದು. ಆಮೇಲೆ ಜವಾಬ್ದಾರಿ ಅವರದು. ಪತ್ರ ಇಲ್ಲದವರು 'ಅದೆಲ್ಲ ಯಾಕ್ರಿ' ಅನ್ನುತ್ತಾರೆ. ಯಾಕೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

ರಿಪೇರಿ ಮಾಡಿಸಿ ಮಾರುವುದು

ನಾನು ಬಹಳ ದಿನ ಇದರ ಮೇಲೆ ಆಸೆ ಇಟ್ಟುಕೊಂಡಿದ್ದೆ. ಲೆಕ್ಕ ನೋಡಲು ಚೆನ್ನಾಗಿಯೇ ಇತ್ತು. ಸರಿಯಾಗಿ ಓಡುವ ಇಂಥ ಗಾಡಿಗೆ ಮೂರು, ಮೂರೂಕಾಲು ಲಕ್ಷ ಕೇಳಬಹುದು ಅಂತ ಎರಡು ಕಡೆ ಹೇಳಿದರು. ಹೆಡ್ ಗ್ಯಾಸ್ಕೆಟ್ ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲು, ಅದು ಹೋದರೆ ಕೂಲೆಂಟ್ ಆಯಿಲ್‌ಗೆ ಸೇರುತ್ತದೆ. ಆ ಕೆಲಸಕ್ಕೆ ಒಂದು ಲಕ್ಷ ಅಂದರು. ಎರಡು ಲಕ್ಷದ ಮೇಲೆ ಉಳಿಯುತ್ತದಲ್ಲ!

ಆದರೆ ಆ ಒಂದು ಲಕ್ಷದ ಹಿಂದೆಯೇ ಇನ್ನೊಂದು ಮಾತು ಇರುತ್ತದೆ. 'ಬಿಚ್ಚಿದ ಮೇಲೆ ನೋಡೋಣ.' ಈ ಮೂರು ಪದಗಳಿಗೆ ಬೆಲೆ ಕಟ್ಟಲು ಬರುವುದಿಲ್ಲ. ಹೆಡ್ ಎತ್ತಿದ ಮೇಲೆ ಅದು ಬಿಸಿಗೆ ಬಾಗಿದ್ದು ಕಾಣುತ್ತದೆ. ಲೇತಿಗೆ ಕಳಿಸಿ ಫೇಸಿಂಗ್ ಮಾಡಿಸಿ ಮಟ್ಟಸ ಮಾಡಬೇಕು. ಬಿರುಕು ಬಿಟ್ಟಿದ್ದರೆ ಹೆಡ್ಡೇ ಹೋಯಿತು. 16 ವಾಲ್ವುಗಳ ಗತಿ ಏನು? ಇಷ್ಟು ಬಿಚ್ಚಿದ ಮೇಲೆ ಟೈಮಿಂಗ್ ಚೈನ್ ಹಳೆಯದನ್ನೇ ಹಾಕುವುದಾ? ಕೂಲೆಂಟ್ ಬೆರೆತ ಆಯಿಲ್‌ನಲ್ಲಿ ಓಡಿದ್ದರೆ ಬೇರಿಂಗ್ ಸವೆದಿರುತ್ತದೆ, ಆಗ ಹೆಡ್ ಕೆಲಸ ಹೋಗಿ ಫುಲ್ ಎಂಜಿನ್ ಕೆಲಸ ಆಗುತ್ತದೆ. ಇದರ ಮೇಲೆ ಆ ಕಾಲದ ಬೆಂಜ್‌ಗಳಿಗೇ ಅಂಟಿದ ಒಂದು ಕಾಯಿಲೆ ಇದೆ. ಎಂಜಿನ್ ವೈರಿಂಗ್ ಮೇಲಿನ ಹೊದಿಕೆ ಬಿಸಿಗೆ ಒಣಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿದು ಉದುರುತ್ತದೆ. ಹೆಡ್ ತೆಗೆಯಲು ವೈರಿಂಗ್ ಸರಿಸಲೇಬೇಕು. ಸರಿಸಿದರೆ ಉದುರುತ್ತದೆ. ಆಮೇಲೆ ಗಾಡಿ ಸ್ಟಾರ್ಟ್ ಆಗದಿದ್ದರೆ ತಪ್ಪು ಗ್ಯಾಸ್ಕೆಟ್‌ದೋ ವೈರಿನದೋ ಅಂತ ಹುಡುಕುವುದರಲ್ಲೇ ತಿಂಗಳು ಹೋಗುತ್ತದೆ.

ನಮ್ಮ ಬೀದಿಯಲ್ಲೇ ಒಬ್ಬರದು ಹೀಗಾಯಿತು. ಬೆಂಜ್ ಅಲ್ಲ, ಬೇರೆ ದೊಡ್ಡ ಕಾರು. ಗ್ಯಾರೇಜಿನವರು ಹುಮ್ಮಸ್ಸಿನಲ್ಲಿ ಎಂಜಿನ್ ಬಿಚ್ಚಿದರು. ಒಂದು ಸಾಮಾನು ಸಿಗಲಿಲ್ಲ. ಕೆಲಸ ನಿಂತಿತು. ಈಗ ಬೋಲ್ಟುಗಳೆಲ್ಲ ಮೂರು ಬಣ್ಣದ ಡಬ್ಬಿಗಳಲ್ಲಿವೆ, ಹೆಡ್ಡು ಹಿಂದಿನ ಸೀಟಿನ ಮೇಲೆ ಗೋಣಿಚೀಲ ಹೊದ್ದು ಕೂತಿದೆ. ಅದನ್ನು ಕೇಳಲು ಬರುವವರು ಗುಜರಿಯವರು ಮಾತ್ರ. ಕೆಟ್ಟರೂ ಓಡುವ ಎಂಜಿನ್‌ಗೆ ಒಂದು ಬೆಲೆ, ಬಿಚ್ಚಿಟ್ಟ ಎಂಜಿನ್‌ಗೆ ಇನ್ನೊಂದು. ಎರಡರ ನಡುವೆ ದೊಡ್ಡ ಕಂದಕ ಇದೆ.

ಇನ್ನೊಂದು ಮಾತು ನನಗೆ ತಡವಾಗಿ ಹೊಳೆಯಿತು. ಇಂಥ ಕಾರು ಕೊಳ್ಳುವ ಹವ್ಯಾಸಿಗಳು ನಿಮ್ಮ ರಿಪೇರಿಯನ್ನು ನಂಬುವುದೇ ಇಲ್ಲ. 'ಮಾರಲಿಕ್ಕೆ ಅಂತ ಮಾಡಿಸಿದ ಕೆಲಸ' ಅನ್ನುತ್ತಾರೆ. ಅವರಿಗೆ ಅವರದೇ ಮೇಸ್ತ್ರಿ ಇರುತ್ತಾರೆ. ನೀವು ಹಾಕಿದ ಒಂದು ಲಕ್ಷಕ್ಕೆ ಅವರು ಐವತ್ತು ಸಾವಿರವನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ರಿಪೇರಿ ಮಾಡಿಸಲೇಬೇಕಾದ ಸಂದರ್ಭ ನನಗೆ ಕಂಡಂತೆ ಎರಡೇ. ಆರ್‌ಸಿ ಅವಧಿ ಮುಗಿದಿದ್ದರೆ. ಅಥವಾ ತೊಂದರೆ ಸಣ್ಣದು ಅಂತ ಪರೀಕ್ಷೆಯಲ್ಲಿ ಗ್ಯಾರಂಟಿಯಾಗಿದ್ದರೆ. ಥರ್ಮೋಸ್ಟಾಟ್, ವಾಟರ್ ಪಂಪ್, ಅದಿರಿನ ಕೆಂಪು ಧೂಳು ತುಂಬಿ ಕಟ್ಟಿದ ರೇಡಿಯೇಟರ್ ಇಂಥವು. ಇವನ್ನು ಹಾಗೇ ಬಿಟ್ಟು ಮಾರುವುದು ದಡ್ಡತನ.

ಎಂಜಿನ್ ಬಿಚ್ಚದೆ, ಪರೀಕ್ಷೆ ಮಾಡಿಸಿ ಮಾರುವುದು

ನಾನು ಹಿಡಿದ ದಾರಿ ಇದು.

ಕೌಲ್ ಬಜಾರ್ ಕಡೆಯ ಹಳೇ ಮೇಸ್ತ್ರಿಯೊಬ್ಬರು ಮನೆಗೇ ಬಂದು ಕಂಪ್ರೆಷನ್ ಟೆಸ್ಟ್ ಮಾಡಿದರು, ಅಂದರೆ ಒಂದೊಂದು ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಅಂತ ನೋಡಿದರು. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಗೇಜ್ ತಿರುಗಿಸಿ, ಆಕ್ಸಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯುವುದು. ಒಂದು, ಎರಡನೇ ಸಿಲಿಂಡರ್ ಚೆನ್ನಾಗಿದ್ದವು. ಮೂರು, ನಾಲ್ಕು ಎರಡೂ ಬಿದ್ದಿದ್ದವು. ಬಿದ್ದ ಎರಡಕ್ಕೂ ಒಂದೊಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರು. ಒತ್ತಡ ಏರಿದ್ದರೆ ಪಿಸ್ಟನ್ ರಿಂಗ್ ಸವೆದಿದೆ ಅಂತ, ಅಂದರೆ ಎಂಜಿನ್ ಬೋರಿಗೆ, ಸಿಲಿಂಡರ್ ಕೊರೆಸುವ ದೊಡ್ಡ ಕೆಲಸಕ್ಕೆ, ಬಂದಿದೆ ಅಂತ. ಮುಳ್ಳು ಅಲ್ಲೇ ನಿಂತಿತು. 'ಕೆಳಗಿಂದು ಗಟ್ಟಿ ಐತ್ರಿ. ಮೂರು ನಾಕರ ನಡುವಿನ ಗ್ಯಾಸ್ಕೆಟ್ ಹೋಗೇತಿ' ಅಂದರು ಮೇಸ್ತ್ರಿ. ಅಕ್ಕಪಕ್ಕದ ಎರಡೇ ಬಿದ್ದರೆ ಮೊದಲ ಗುಮಾನಿ ಅದರ ಮೇಲೇ.

ನಾನು ಇಡೀ ಪರೀಕ್ಷೆಯನ್ನು ಫೋನಿನಲ್ಲಿ ವಿಡಿಯೋ ಮಾಡಿದೆ. ಗೇಜ್ ಮುಳ್ಳು, ಸಿಲಿಂಡರ್ ನಂಬರ್, ಎಲ್ಲ ಕಾಣುವ ಹಾಗೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವುದು, ಸೈಲೆನ್ಸರ್‌ನಿಂದ ಬರುವ ಬಿಳಿ ಹೊಗೆ, ಆಯಿಲ್ ಮುಚ್ಚಳದ ಜಿಗುಟು, ಅದನ್ನೂ ಮುಚ್ಚಿಡಲಿಲ್ಲ. ಮೇಸ್ತ್ರಿಗೆ ಕೊಟ್ಟ ಒಂದೂವರೆ ಸಾವಿರ ನಾನು ಈ ಕಾರಿನ ಮೇಲೆ ಹಾಕಿದ ದುಡ್ಡಿನಲ್ಲೇ ಅತಿ ಹೆಚ್ಚು ಗಿಟ್ಟಿದ್ದು. ಏನು ಕೆಟ್ಟಿದೆ ಅಂತ ಗೊತ್ತಿಲ್ಲದ ಕಾರಿಗೆ ಕೊಳ್ಳುವವರು ಫುಲ್ ಎಂಜಿನ್ ಖರ್ಚು ಮುರಿದು ಬೆಲೆ ಹೇಳುತ್ತಾರೆ. ಗ್ಯಾಸ್ಕೆಟ್ ಅಂತ ತೋರಿಸಿದರೆ ಗ್ಯಾಸ್ಕೆಟ್ ಖರ್ಚು ಮಾತ್ರ ಮುರಿಯುತ್ತಾರೆ.

ಅಲಂಕಾರ ಬಿಚ್ಚುವುದೋ ಬಿಡುವುದೋ

ಇದರಲ್ಲಿ ದೊಡ್ಡಪ್ಪನಿಗೂ ನನಗೂ ಜಗಳವೇ ಆಯಿತು. 'ಆ ಅಲಾಯ್‌ಗೆ ಆ ಕಾಲದಾಗ ಎಷ್ಟು ಕೊಟ್ಟೀನಿ ಗೊತ್ತೇನು?' ಗೊತ್ತು. ಆದರೆ ಮಾಡಿಫಿಕೇಶನ್ ಅನ್ನುವುದು ಮಾಡಿಸಿದವರ ಖುಷಿ. ಮುಂದಿನವರಿಗೆ ಅದು ತೆಗೆಯುವ ಖರ್ಚು. ಹೊಸ ಹುಡುಗರ ಗಾಡಿಗಳಲ್ಲಿ ಹಾಗಲ್ಲದಿರಬಹುದು, ಈ ವಯಸ್ಸಿನ ಬೆಂಜ್‌ನಲ್ಲಿ ಮೂಲ ರೂಪಕ್ಕೇ ಬೆಲೆ. ನೋಡಲು ಬರುವವರು ಎಂಥೆಂಥದಕ್ಕೆ ಖುಷಿ ಪಡುತ್ತಾರೆ ಅಂದರೆ, ಗಾಜಿನ ಮಧ್ಯದ ಒಂಟಿ ವೈಪರ್ ಹಾಕಿಸಿ ನೋಡುತ್ತಾರೆ. ಅದು ಸುಮ್ನೆ ಅರ್ಧಚಂದ್ರ ತಿರುಗುವುದಿಲ್ಲ. ಮೂಲೆಗೆ ಬಂದಾಗ ಕತ್ತು ಚಾಚಿ ಅಲ್ಲಿಯೂ ಒರೆಸಿ ಬರುತ್ತದೆ. ಅದು ಸರಿಯಾಗಿ ಚಾಚಿದ್ದಕ್ಕೆ ಒಬ್ಬರು ಕೈ ತಟ್ಟಿದರು!

ಅದೃಷ್ಟಕ್ಕೆ ಹಳೆಯ ನಾಲ್ಕು ಚಕ್ರಗಳು, ಸ್ಟೀರಿಂಗ್, ಸ್ಪ್ರಿಂಗ್ ಎಲ್ಲ ಊರಿನ ಮನೆ ಅಟ್ಟದ ಮೇಲೆ ಜೋಳದ ಚೀಲಗಳ ಹಿಂದೆ ಇದ್ದವು. ದೊಡ್ಡಮ್ಮ 'ಇರ್ಲಿ ಬಿಡು' ಅಂತ ಹತ್ತೊಂಬತ್ತು ವರ್ಷ ಎಸೆಯದೆ ಇಟ್ಟಿದ್ದರು. ಚಕ್ರ ಮತ್ತು ಸ್ಟೀರಿಂಗ್ ವಾಪಸ್ ಹಾಕಿಸಿದೆ. ಅರ್ಧ ದಿನದ ಕೆಲಸ. ಸ್ಪ್ರಿಂಗ್ ಹಾಕಿಸಲಿಲ್ಲ, ಡಿಕ್ಕಿಯಲ್ಲಿಟ್ಟು ಕೊಟ್ಟೆ. ಬಣ್ಣಕ್ಕೆ ಕೈ ಹಾಕಲಿಲ್ಲ. ಮತ್ತೆ ಬಿಳಿ ಮಾಡಿಸುವುದು ಲಕ್ಷದ ಮಾತು, ಅದು ವಾಪಸ್ ಬರುವುದಿಲ್ಲ. ಮೂಲ ಬಣ್ಣದ ಕೋಡ್ ಇರುವ ತಗಡಿನ ಪಟ್ಟಿಯ ಫೋಟೋ ಕಳಿಸಿದರೆ ಸಾಕು, ಬೇಕಾದವರು ಮಾಡಿಸಿಕೊಳ್ಳುತ್ತಾರೆ. ಆಂಪ್ಲಿಫೈಯರ್ ಬೇರೆಯಾಗಿ ಹೋಯಿತು.

ಗುಜರಿ, ಬಿಡಿಭಾಗ, ಎಕ್ಸ್‌ಚೇಂಜ್

ಇವನ್ನು ಬೇಗ ಮುಗಿಸುತ್ತೇನೆ. ಈ ಗಾಡಿಯ ತೂಕ ಸುಮಾರು 1,400 ಕೆಜಿ. ಕೆಜಿಗೆ 30 ರೂಪಾಯಿ ಅಂತ ಹಿಡಿದರೂ 42,000. ಅದೂ ಸೀಟು, ಗಾಜು, ರಬ್ಬರ್ ಎಲ್ಲ ಕಬ್ಬಿಣದ ಲೆಕ್ಕದಲ್ಲೇ ತೂಗಿದರೆ. ಸರ್ಕಾರ ಮಾನ್ಯ ಮಾಡಿದ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟರೆ ಒಂದು ಪ್ರಮಾಣಪತ್ರ ಸಿಗುತ್ತದೆ, ಹೊಸ ಕಾರು ಕೊಳ್ಳುವಾಗ ತೆರಿಗೆಯಲ್ಲಿ ರಿಯಾಯಿತಿ. ಕಾಗದಪತ್ರ ಪೂರ್ತಿ ಹಾಳಾದ, ಅಡಿ ತುಕ್ಕು ತಿಂದ ಗಾಡಿಗೆ ಇದು ಸರಿ. ಬಿಡಿಭಾಗವಾಗಿ ಮಾರಿದರೆ ಕಾಗದದ ಮೇಲೆ ಜಾಸ್ತಿ ಬರುತ್ತದೆ, ಆದರೆ ಎರಡು ವರ್ಷ ನೀವೇ ಅಂಗಡಿ ಇಟ್ಟಂತೆ. ಎಕ್ಸ್‌ಚೇಂಜ್ ಕೇಳಿದ ಶೋರೂಮಿನಲ್ಲಿ ನಕ್ಕರು.

ಹವ್ಯಾಸಿಗೆ ಮಾರುವುದು

ಬಳ್ಳಾರಿಯಲ್ಲೇ ಕುಳಿತು ಬಳ್ಳಾರಿಯ ಗಿರಾಕಿಯನ್ನು ಕಾಯಬೇಡಿ. ಇಂಥ ಗಾಡಿ ಹುಡುಕುವವರು ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿದ್ದಾರೆ. ಹಳೇ ಕಾರಿನ ಹುಚ್ಚಿನವರ ಗುಂಪುಗಳಲ್ಲಿ ವಿಡಿಯೋ, ಆರ್‌ಸಿ ವಿವರ, ಕೆಟ್ಟದ್ದರ ಪಟ್ಟಿ ಹಾಕಿ. ಕೆಟ್ಟದ್ದನ್ನೇ ಮೊದಲು ಬರೆಯಿರಿ. ನಾನು 'ಹೆಡ್ ಗ್ಯಾಸ್ಕೆಟ್ ಹೋಗಿದೆ, ಓಡಿಸಿಕೊಂಡು ಹೋಗುವ ಸ್ಥಿತಿಯಲ್ಲಿಲ್ಲ, ಲಾರಿ ತನ್ನಿ' ಅಂತಲೇ ಶುರು ಮಾಡಿದೆ. 'ಲಾಸ್ಟ್ ರೇಟ್ ಎಷ್ಟು' ಅಂತ ಕೇಳುವವರು ಅಲ್ಲಿಗೇ ಕಡಿಮೆಯಾದರು.

ಗುಂತಕಲ್ಲು, ಅನಂತಪುರ ಕಡೆಯಿಂದಲೂ ಕೇಳಿದರು. ನಮ್ಮ ಊರಿಗೆ ಆಂಧ್ರ ಹತ್ತಿರ. ಆದರೆ ರಾಜ್ಯ ದಾಟಿದರೆ ಫಾರಂ 28ರ ಎನ್‌ಒಸಿ (ನಮ್ಮ ಆರ್‌ಟಿಒದ ನಿರಾಕ್ಷೇಪಣಾ ಪತ್ರ), ಅಲ್ಲಿಯ ತೆರಿಗೆ, ಹೊಸ ನಂಬರ್. ಹಳೇ ಗಾಡಿಗೆ ಈ ಓಡಾಟ ಜಾಸ್ತಿ. ಕೊಳ್ಳುವವರು ಅಷ್ಟು ದೂರ ಹೋಗುವವರೇ ಅಂತ ನೋಡಿಕೊಳ್ಳಿ.

ಕೊನೆಗೆ ಬೆಂಗಳೂರಿನ ಒಬ್ಬರು ಎರಡು ಲಕ್ಷದ ಹತ್ತು ಸಾವಿರಕ್ಕೆ ಒಪ್ಪಿದರು. ದಲ್ಲಾಳಿ ಹೇಳಿದ್ದು ಎಂಬತ್ತು ಸಾವಿರ ಅನ್ನುವುದು ನೆನಪಿರಲಿ. ರಿಪೇರಿ ದಾರಿಯಲ್ಲಿ ಎಲ್ಲವೂ ಸರಿಹೋಗಿದ್ದರೆ ನಮಗೆ ಉಳಿಯುತ್ತಿದ್ದದ್ದೂ ಹೆಚ್ಚು ಕಡಿಮೆ ಇಷ್ಟೇ. ಪೂರ್ತಿ ದುಡ್ಡು ಬ್ಯಾಂಕಿನ ಮೂಲಕ ತೆಗೆದುಕೊಂಡೆ. ಒಂದೇ ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ, ಪಡೆದರೆ ಅಷ್ಟೇ ಮೊತ್ತದ ದಂಡ. 'ಪೂರ್ತಿ ಕ್ಯಾಶ್' ಅನ್ನುವವರಿಗೆ ಇದನ್ನೇ ಹೇಳಿ.

ಗಾಡಿ ಹೋದ ದಿನ

ಈಗ ಆ 'ಅದೆಲ್ಲ ಯಾಕ್ರಿ' ವಿಷಯ. ಗಾಡಿ ಮಾರಿ ದುಡ್ಡು ಎಣಿಸಿಕೊಂಡರೂ ಆರ್‌ಸಿಯಲ್ಲಿ ನಿಮ್ಮ ಹೆಸರಿರುವವರೆಗೆ ನೀವೇ ಮಾಲೀಕರು. ಆಮೇಲೆ ಆ ಗಾಡಿ ಎಲ್ಲಾದರೂ ಅಪಘಾತ ಮಾಡಿದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿರುವ ಮಾಲೀಕರ ಮೇಲೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅದರಲ್ಲೂ ರಿಪೇರಿಗೆ ಅಂತ ಕೊಂಡ ಗಾಡಿ ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ನಿಲ್ಲುತ್ತದೆ. 'ಎಂಜಿನ್ ಕೆಲಸ ಮುಗೀಲಿ, ಆಮೇಲೆ ಹೆಸರು ಮಾಡಿಸ್ತೀನಿ' ಅನ್ನುತ್ತಾರೆ. ಒಪ್ಪಬೇಡಿ. ಹೆಸರು ವರ್ಗಾವಣೆಯ ಫಾರಂ 29, 30 ತುಂಬಿ, ತಾರೀಕು ಹಾಕಿ, ಅವರ ಆಧಾರ್ ಪ್ರತಿ ಇಟ್ಟುಕೊಂಡು, ಗಾಡಿ ಕೊಡುವ ಮೊದಲೇ ಆನ್‌ಲೈನ್ ಅರ್ಜಿ ಹಾಕಿಸಿ. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅನ್ನುವುದು ಕಾನೂನು. ಇನ್ಶೂರೆನ್ಸ್ ಚಾಲ್ತಿಯಲ್ಲಿರಲಿ, ಹಳೇ ದಂಡ ಬಾಕಿ ಇದ್ದರೆ ಕಟ್ಟಿಬಿಡಿ.

ನಾನು ಇಷ್ಟೆಲ್ಲ ಮಾಡಿಯೂ ಒಂದು ಮರೆತೆ. ಫಾಸ್ಟ್ಯಾಗ್. ಗಾಜಿನ ಮೇಲೆ ಹಾಗೇ ಉಳಿದಿತ್ತು. ಲಾರಿ ಮೇಲೆ ಕೂತು ಬೆಂಗಳೂರಿಗೆ ಹೋದ ಬೆಂಜ್ ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನನ್ನ ಖಾತೆಯಿಂದ ಟೋಲ್ ದುಡ್ಡು ಕತ್ತರಿಸಿತು. ಮೆಸೇಜ್ ನೋಡಿ ಮೊದಲು ಸಿಟ್ಟು ಬಂತು. ಆಮೇಲೆ ದೊಡ್ಡಪ್ಪನಿಗೆ ಫೋನ್ ಮಾಡಿ, ಗಾಡಿ ತನ್ನ ಕಾಲ ಮೇಲೆ ಓಡಾಡ್ತಿದೆ ಅಂದೆ. 'ಅಲಾಯ್ ಇಲ್ಲದ ಓಡಾಡಾಕ ಹತ್ತೇತಲ್ಲೋ' ಅಂದರು.